ಬಿಟ್ಟು ಹೋಗಲು ನಾಡಿರಬೇಕು

ಒಂದು ಪದ ಏನೆಲ್ಲ ಮಾಡಬಲ್ಲುದು ಎಂಬುದನ್ನು ನಮಗೆ ಯಾರೂ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. 1973ರಲ್ಲಿ ಮೈಸೂರಿನಲ್ಲಿ ಬಿ. ಬಸವಲಿಂಗಪ್ಪನವರು ಆಡಿದ ‘ಬೂಸಾ’ ಎಂಬ ಎರಡಕ್ಷರಕ್ಕೆ ರಾಜ್ಯದ ಕಾಲೇಜುಗಳು ಹೊತ್ತಿಕೊಂಡವು. ದಲಿತ ಹುಡುಗರು ಏಟು ತಿಂದರು. ಬಸವಲಿಂಗಪ್ಪನವರ ಮಂತ್ರಿಗಿರಿ ಹೋಯಿತು. ದನಕ್ಕೆ ಹಾಕುವ ಬೂಸಾ ಎಲ್ಲರ ಕೊಟ್ಟಿಗೆಯಲ್ಲೂ ಇತ್ತು. ಅದೇ ಪದ ಕೇರಿಯಿಂದ ಬಂದವರ ಬಾಯಲ್ಲಿ ಬಂದಾಗ ಮಾತ್ರ ಅಪರಾಧವಾಯಿತು. ಪದದ ಅರ್ಥ ನಿಘಂಟಿನಲ್ಲಿ ಅರ್ಧ ಇರುತ್ತದೆ. ಉಳಿದರ್ಧ ಅದನ್ನು ಯಾರು ಯಾರಿಗೆ ಅಂಟಿಸುತ್ತಾರೆ ಎಂಬುದರಲ್ಲಿರುತ್ತದೆ.

ಇಲ್ಲಿ ನಾವು ಚರ್ಚೆಗೆ ಎತ್ತಿಕೊಂಡಿರುವುದು ಇಂಗ್ಲಿಷಿನ ಒಂದು ಪದ: ಎಕ್ಸ್‌ಪೇಟ್ರಿಯೇಟ್. ಮೊಟಕು ಮಾಡಿ ಎಕ್ಸ್‌ಪ್ಯಾಟ್ ಅಂತಾರೆ. ಇಂಗ್ಲಿಷ್ ಪದದ ಉಸಾಬರಿ ನಮಗೇಕೆ ಎಂದು ಹಳ್ಳಿಯ ಮೇಷ್ಟರು ಕೇಳಬಹುದು. ಈ ಪದ ಬೆಂಗಳೂರಿನಲ್ಲಿ ಮನೆ ಬಾಡಿಗೆಗೆ ಕೊಡುವವರ ಬಾಯಲ್ಲಿದೆ, ಕಂಪನಿಗಳ ಕಾಗದಪತ್ರದಲ್ಲಿದೆ, ಗಲ್ಫಿನ ಪೇಪರುಗಳಲ್ಲಿದೆ. ಅದಕ್ಕಿಂತ ಮುಖ್ಯವಾಗಿ, ಈ ಒಂದು ಪದವನ್ನು ಬಿಡಿಸಿ ನೋಡಿದರೆ ನಮ್ಮ ‘ಗುಳೆ’, ‘ಕೂಲಿ’, ‘ವಲಸಿಗ’, ‘ಹೊರಗಿನವ’ ಎಂಬ ಪದಗಳ ಮೇಲೆ ಏನು ನಡೆದಿದೆ ಎಂಬುದೂ ಬಿಚ್ಚಿಕೊಳ್ಳುತ್ತದೆ.

ಪದದ ಮೈಯನ್ನು ಮೊದಲು ನೋಡೋಣ. ಲ್ಯಾಟಿನ್ನಿನಲ್ಲಿ ‘ಎಕ್ಸ್’ ಎಂದರೆ ಹೊರಗೆ. ‘ಪೇಟ್ರಿಯಾ’ ಎಂದರೆ ತಂದೆಯ ನಾಡು. ಅಲ್ಲಿನ ‘ಪೇಟರ್’ ಮತ್ತು ನಮ್ಮ ಪುರೋಹಿತರ ಬಾಯಲ್ಲಿರುವ ‘ಪಿತೃ’ ಒಂದೇ ಬೇರಿನವು. ಹದಿನೆಂಟನೇ ಶತಮಾನದಲ್ಲಿ ಫ್ರೆಂಚಿನಿಂದ ಇಂಗ್ಲಿಷಿಗೆ ಬಂದಾಗ ಇದು ಕ್ರಿಯಾಪದ. ಅರ್ಥ, ದೇಶದಿಂದ ಹೊರಹಾಕು. ನಮ್ಮ ಪೊಲೀಸರ ಭಾಷೆಯಲ್ಲಿ ಗಡೀಪಾರು. ಆಮೇಲೆ, ತಾನಾಗಿಯೇ ದೇಶ ಬಿಡು ಎಂಬ ಅರ್ಥವೂ ಸೇರಿತು. 1868ರಲ್ಲಿ ಅಮೆರಿಕ ಒಂದು ಕಾಯಿದೆ ಮಾಡಿ, ಹುಟ್ಟಿದ ದೇಶದ ಪ್ರಜೆತನವನ್ನು ಕಳಚಿ ಹಾಕುವುದು ಮನುಷ್ಯನ ಹಕ್ಕು ಎಂದಿತು. ಅದೇ ಅಮೆರಿಕ 1907ರಲ್ಲಿ ಇನ್ನೊಂದು ಕಾಯಿದೆ ಮಾಡಿ, ಪರದೇಶದವನನ್ನು ಮದುವೆಯಾದ ಹೆಣ್ಣಿನ ಪ್ರಜೆತನವನ್ನು ಕಿತ್ತುಕೊಂಡಿತು. ಗಂಡಸು ಬಿಟ್ಟರೆ ಅದು ಹಕ್ಕು, ಹೆಂಗಸಿಗಾದರೆ ಅದು ಶಿಕ್ಷೆ. ತಂದೆಯ ನಾಡು ಎಂಬ ಪದದೊಳಗೆ ತಾಯಿಗೆ ಜಾಗ ಇರಲಿಲ್ಲ.

1920ರ ದಶಕದಲ್ಲಿ ಪ್ಯಾರಿಸ್ಸಿನಲ್ಲಿದ್ದ ಹೆಮಿಂಗ್ವೇ, ಗರ್ಟ್ರೂಡ್ ಸ್ಟೈನ್ ಮುಂತಾದ ಅಮೆರಿಕನ್ ಬರಹಗಾರರಿಗೆ ಈ ಪದ ಅಂಟಿದ ಮೇಲೆ ಅದಕ್ಕೊಂದು ಬೆಡಗು ಬಂತು. ಆಮೇಲೆ ತೈಲ ಕಂಪನಿ, ಬ್ಯಾಂಕು, ವಿಮಾನ ಕಂಪನಿಗಳು ತಮ್ಮ ಸಾಹೇಬರನ್ನು ದೂರದೇಶಗಳಿಗೆ ಕಳಿಸತೊಡಗಿದಾಗ ಪದ ಪೂರ್ತಿ ಇಸ್ತ್ರಿ ಮಾಡಿಸಿಕೊಂಡು ನಿಂತಿತು. ಬಂಗಲೆ, ಕ್ಲಬ್ಬು, ಮಕ್ಕಳಿಗೆ ಬೇರೆ ಶಾಲೆ, ವರ್ಷಕ್ಕೊಮ್ಮೆ ಊರಿಗೆ ಹೋಗಿಬರುವ ಟಿಕೀಟು. ಹೊರಹಾಕಿಸಿಕೊಂಡವನ ಹೆಸರು ಹೀಗೆ ಹೊರಗೆ ಹೋಗಿ ಆಳುವವನ ಹೆಸರಾಯಿತು.

ಈಗ ಪ್ರಶ್ನೆ: ನಾಡು ಬಿಟ್ಟವರೆಲ್ಲ ಎಕ್ಸ್‌ಪೇಟ್ರಿಯೇಟರೇ? ಲಂಡನ್ನಿನಿಂದ ಬೆಂಗಳೂರಿಗೆ ಬಂದ ಮ್ಯಾನೇಜರ್ ಎಕ್ಸ್‌ಪ್ಯಾಟ್. ಮಂಗಳೂರಿನಿಂದ ಲಂಡನ್ನಿಗೆ ಹೋದ ನರ್ಸ್ ಇಮಿಗ್ರಂಟ್. 2015ರಲ್ಲಿ ಆಫ್ರಿಕಾ ಮೂಲದ ಪತ್ರಕರ್ತ ಮಾವುನಾ ರೆಮಾರ್ಕ್ ಕೌಟೋನಿನ್ ಇಂಗ್ಲೆಂಡಿನ ‘ಗಾರ್ಡಿಯನ್’ ಪತ್ರಿಕೆಯಲ್ಲಿ ಇದನ್ನೇ ನೇರವಾಗಿ ಕೇಳಿದರು: ಬಿಳಿಯರು ಎಕ್ಸ್‌ಪ್ಯಾಟ್, ಉಳಿದವರೆಲ್ಲ ವಲಸೆಗಾರರು, ಇದು ಹೇಗೆ? ಆ ಪ್ರಶ್ನೆ ಲೋಕದ ತುಂಬ ಓಡಾಡಿತು. ಬಣ್ಣ ನೋಡಿ ಪದ ಹಂಚುವ ಚಾಳಿಯನ್ನು ಬಯಲಿಗೆಳೆದದ್ದು ಆ ಬರಹದ ದೊಡ್ಡ ಕೆಲಸ.

ಇದಕ್ಕೆ ಬಲ್ಲವರು ಕೊಡುವ ಉತ್ತರ ಒಂದಿದೆ. ಬಣ್ಣದ ಮಾತಲ್ಲ ಸ್ವಾಮಿ, ಕಾಲದ ಮಾತು. ಸ್ವಲ್ಪ ಕಾಲಕ್ಕೆ ಹೋಗಿ ವಾಪಸ್ಸು ಬರುವವನು ಎಕ್ಸ್‌ಪ್ಯಾಟ್, ನೆಲೆ ನಿಲ್ಲಲು ಹೋಗುವವನು ಇಮಿಗ್ರಂಟ್ ಅಂತ. ಸರಿ, ಈ ಅಳತೆಗೋಲನ್ನೇ ಹಿಡಿದು ಅಳೆಯೋಣ. ಭಟ್ಕಳದಿಂದಲೋ ಉಡುಪಿಯಿಂದಲೋ ಎರಡು ವರ್ಷದ ಕರಾರಿನ ಮೇಲೆ ದುಬೈಗೆ ಹೋದ ಗಾರೆ ಕೆಲಸದವನಿಗೆ ಅಲ್ಲಿ ಪ್ರಜೆತನ ಸಿಗುವ ಮಾತೇ ಇಲ್ಲ. ವೀಸಾ ಮುಗಿದ ದಿನ ಅವನು ಹೊರಡಬೇಕು. ಈ ಲೆಕ್ಕದಲ್ಲಿ ಅವನಷ್ಟು ಅಪ್ಪಟ ಎಕ್ಸ್‌ಪ್ಯಾಟ್ ಇನ್ನೊಬ್ಬನಿಲ್ಲ. ಪಿಂಚಣಿ ಹಿಡಿದು ಸ್ಪೇನಿನ ಕಡಲತೀರಕ್ಕೆ ಹೋಗಿ, ಅಲ್ಲೇ ಮನೆ ಕೊಂಡು, ಅಲ್ಲೇ ಸಾಯುವ ಇಂಗ್ಲಿಷ್ ಮುದುಕ ಇಮಿಗ್ರಂಟ್ ಆಗಬೇಕು. ಆದರೆ ಇಂಗ್ಲಿಷ್ ಪೇಪರುಗಳಲ್ಲಿ ಅವನು ಎಕ್ಸ್‌ಪ್ಯಾಟ್, ಇವನು ಲೇಬರ್. ಅಳತೆಗೋಲು ಒಂದಾದರೆ ತೂಗುವ ಕೈ ಇನ್ನೊಂದು.

ಇಲ್ಲಿ ಇನ್ನೊಂದು ಸೂಕ್ಷ್ಮವನ್ನು ಗಮನಿಸಬೇಕು. ಗಲ್ಫ್ ದೇಶಗಳ ಸರ್ಕಾರಿ ಇಂಗ್ಲಿಷಿನಲ್ಲಿ ಹೊರಗಿನಿಂದ ಬಂದವರನ್ನೆಲ್ಲ, ಕಂಪನಿ ಒಡೆಯನಿಂದ ಕಸ ಗುಡಿಸುವವನವರೆಗೆ, ಎಕ್ಸ್‌ಪೇಟ್ರಿಯೇಟ್ ಎಂದೇ ಕರೆಯುತ್ತಾರೆ. ಹಾಗಾದರೆ ಅಲ್ಲಿ ಸಮಾನತೆ ಬಂತೇ? ಪಾಸ್‌ಪೋರ್ಟನ್ನು ಧಣಿ ಇಟ್ಟುಕೊಳ್ಳುವುದು, ಧಣಿಯ ಒಪ್ಪಿಗೆ ಇಲ್ಲದೆ ಕೆಲಸ ಬದಲಿಸುವಂತಿಲ್ಲದ್ದು, ಊರಾಚೆಯ ಲೇಬರ್ ಕ್ಯಾಂಪಿನಲ್ಲಿ ಒಂದೇ ಕೋಣೆಗೆ ಎಂಟು ಹತ್ತು ಮಂದಿ ಮಲಗುವುದು, ಕಫಾಲಾ ಪದ್ಧತಿಯ ಕೆಳಗೆ ಇದೆಲ್ಲ ದಶಕಗಟ್ಟಲೆ ನಡೆದುಬಂತು. ಪದ ಒಂದೇ ಆದಾಗ ಬೇರ್ಪಡಿಸಲು ಮತ್ತೊಂದು ಪದ ಬಂತು. ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳುವಷ್ಟು ಸಂಬಳ ಇಲ್ಲದ ಕೂಲಿಯವನನ್ನು ಅಲ್ಲಿ ‘ಬ್ಯಾಚುಲರ್’ ಅಂತಾರೆ. ಊರಲ್ಲಿ ಮೂರು ಮಕ್ಕಳ ತಂದೆ, ಅಲ್ಲಿ ಬ್ಯಾಚುಲರ್! ಮನೆ ಬಾಡಿಗೆಗಿದೆ, ಬ್ಯಾಚುಲರುಗಳಿಗಿಲ್ಲ. ಹಾಗಾಗಿ ನಮ್ಮವರಿಗೂ ಎಕ್ಸ್‌ಪ್ಯಾಟ್ ಎಂಬ ಬಿರುದು ಕೊಡಿ ಎಂದು ಕೇಳುವುದು ನಮ್ಮ ಹೋರಾಟ ಆಗಲಾರದು. ಬಿರುದು ಸಿಕ್ಕ ಕಡೆಯೂ ಬೀಗ ತೆಗೆದಿಲ್ಲ.

ದೂರದ ಮಾತು ಯಾಕೆ, ನಮ್ಮ ಕೋಲಾರದ ಚಿನ್ನದ ಗಣಿಗೆ ಬನ್ನಿ. 1880ರಲ್ಲಿ ಜಾನ್ ಟೇಲರ್ ಕಂಪನಿ ಅಲ್ಲಿ ಕಾಲಿಟ್ಟಿತು. ಗಣಿಗೆ ಎರಡು ಬಗೆಯ ಜನ ಬಂದರು. ಇಂಗ್ಲೆಂಡಿನ ಕಾರ್ನ್‌ವಾಲ್ ಸೀಮೆಯಲ್ಲಿ ತಾಮ್ರದ, ತವರದ ಗಣಿಗಳು ನೆಲಕಚ್ಚಿ ಹೊಟ್ಟೆಪಾಡಿಗಾಗಿ ಹಡಗು ಹತ್ತಿದ ಬಿಳಿಯರು ಒಂದು ಬಗೆ. ಉತ್ತರ ಆರ್ಕಾಟಿನಂಥ ಸೀಮೆಗಳಿಂದ ಬರ ಮತ್ತು ಜೀತವನ್ನು ಬೆನ್ನಿಗೆ ಕಟ್ಟಿಕೊಂಡು ಬಂದ ಆದಿ ದ್ರಾವಿಡರು ಇನ್ನೊಂದು ಬಗೆ. ಇಬ್ಬರೂ ಹೊಟ್ಟೆಪಾಡಿಗೆ ನಾಡು ಬಿಟ್ಟವರೇ. ಅಂದರೆ ಇಬ್ಬರೂ ಗುಳೆ ಬಂದವರೇ. ಆದರೆ ಒಬ್ಬರಿಗೆ ಬಂಗಲೆ, ಗಾಲ್ಫ್ ಮೈದಾನ, ಕ್ಲಬ್ಬು. ಇನ್ನೊಬ್ಬರಿಗೆ ‘ಕೂಲಿ ಲೈನು’. 1902ರಲ್ಲಿ ಶಿವನಸಮುದ್ರದಿಂದ ಗಣಿಗೆ ಕರೆಂಟು ಹರಿದು ಬಂತು, ಏಷ್ಯಾದಲ್ಲೇ ಮೊದಮೊದಲ ವಿದ್ಯುತ್ ಯೋಜನೆಗಳಲ್ಲಿ ಅದೂ ಒಂದೆಂದು ನಮ್ಮ ಪಠ್ಯಪುಸ್ತಕಗಳು ಹೆಮ್ಮೆಪಡುತ್ತವೆ. ಲೈನಿನ ತಟ್ಟಿ ಮನೆಗಳ ಬಗ್ಗೆ ಆ ಪುಸ್ತಕಗಳಲ್ಲಿ ಮಾತಿಲ್ಲ. 1930ರಲ್ಲಿ ಬೆರಳಚ್ಚು ಕೊಟ್ಟು ಹೆಸರು ನೋಂದಾಯಿಸಿ ಎಂದಾಗ ಕಾರ್ಮಿಕರು ಮುಷ್ಕರ ಹೂಡಿದರು, ನಾವೇನು ಕಳ್ಳರೇ ಅಂತ.

ಕಾರ್ನ್‌ವಾಲಿನವನನ್ನು ಇವತ್ತಿನ ಬರಹಗಳಲ್ಲಿ ಎಕ್ಸ್‌ಪೇಟ್ರಿಯೇಟ್ ಅನ್ನುತ್ತಾರೆ. ಅವನ ಪಕ್ಕದಲ್ಲೇ, ಅವನಿಗಿಂತ ಆಳಕ್ಕೆ ಇಳಿದವನು ಕೂಲಿ. ಕೂಲಿ ಎಂದರೆ ನಮ್ಮ ಭಾಷೆಗಳಲ್ಲಿ ದುಡಿಮೆಗೆ ಸಿಗುವ ದುಡ್ಡು. ಆ ದುಡ್ಡಿನ ಹೆಸರನ್ನೇ ಬಿಳಿಯರು ಮನುಷ್ಯನಿಗೆ ಇಟ್ಟು, ಮಾರಿಷಸ್ಸು, ನಟಾಲ್, ಫಿಜಿಯವರೆಗೆ ಕೊಂಡೊಯ್ದರು. 1834ರಿಂದ ಶುರುವಾದ ಕರಾರು ಕೂಲಿಯಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನ ಹಡಗು ಹತ್ತಿದರು. ದಕ್ಷಿಣ ಆಫ್ರಿಕಾದಲ್ಲಿ ಗಾಂಧಿಯವರನ್ನೂ ‘ಕೂಲಿ ಬ್ಯಾರಿಸ್ಟರ್’ ಎಂದರು. ಅವರು 1915ರ ಜನವರಿ 9ರಂದು ವಾಪಸ್ಸು ಬಂದ ದಿನವನ್ನು ಭಾರತ ಸರ್ಕಾರ 2003ರಿಂದ ಪ್ರವಾಸಿ ಭಾರತೀಯ ದಿವಸ ಎಂದು ಆಚರಿಸುತ್ತ ಬಂದಿದೆ. ಬ್ಯಾರಿಸ್ಟರ್ ‘ಪ್ರವಾಸಿ’ ಆದರು. ಕೂಲಿ ಕೂಲಿಯಾಗಿಯೇ ಉಳಿದ.

ಇನ್ನು ಪದದ ಹೊಟ್ಟೆಯೊಳಗಿನ ‘ತಂದೆಯ ನಾಡು’ ಎಂಬ ಮಾತಿಗೆ ಬರೋಣ. ನಾಡು ಬಿಟ್ಟವನು ಎಂದರೆ, ಬಿಡುವುದಕ್ಕೆ ಮೊದಲು ಅವನಿಗೊಂದು ನಾಡಿತ್ತು ಎಂದಾಯಿತು. ಯಾರಿಗೆ ಇತ್ತು? ತಂದೆಯ ಹೆಸರಲ್ಲಿ ಪಹಣಿ ಇದ್ದವನಿಗೆ ತಂದೆಯ ನೆಲ ಇರುತ್ತದೆ. ಊರ ಬಾವಿಯಲ್ಲಿ ನೀರು ಸೇದುವ ಹಕ್ಕಿದ್ದವನಿಗೆ ಊರು ಇರುತ್ತದೆ. ನಮ್ಮ ಕೇರಿಗಳು ಊರಿನ ಹೊರಗೆ ಇವೆ. ಲ್ಯಾಟಿನ್ನಿನ ಆ ‘ಎಕ್ಸ್’ ಅನ್ನು ನಾವು ಹುಟ್ಟುತ್ತಲೇ ಹಣೆಗೆ ಬರೆಸಿಕೊಂಡು ಬಂದವರು. ಹಡಗು ಬೇಡ, ವಿಮಾನ ಬೇಡ, ಪಾಸ್‌ಪೋರ್ಟೂ ಬೇಡ. 1974ರ ಭೂಸುಧಾರಣೆ ತಿದ್ದುಪಡಿ ಉಳುವವನಿಗೆ ಹೊಲ ಎಂದಾಗ ಗೇಣಿದಾರ ಅರ್ಜಿ ಹಾಕಿದ. ಹೊಲದಲ್ಲಿ ಕೂಲಿ ಮಾಡಿದವನಿಗೆ, ಜೀತಕ್ಕಿದ್ದವನಿಗೆ ಗೇಣಿ ಚೀಟಿಯೇ ಇರಲಿಲ್ಲ, ಏನಂತ ಅರ್ಜಿ ಹಾಕೋದು?

ಈ ಮಾತನ್ನು ಎಲ್ಲರಿಗಿಂತ ಸ್ಪಷ್ಟವಾಗಿ ಆಡಿದವರು ಬಾಬಾಸಾಹೇಬರು. 1931ರ ಆಗಸ್ಟಿನಲ್ಲಿ ಮುಂಬಯಿಯ ಮಣಿಭವನದಲ್ಲಿ ಗಾಂಧಿಯವರ ಎದುರು ಕೂತು, ನನಗೆ ತಾಯ್ನಾಡಿಲ್ಲ ಎಂದು ಹೇಳಿದರು. ಕುಡಿಯಲು ನೀರು ಕೊಡದ, ನಾಯಿ ಬೆಕ್ಕಿಗಿಂತ ಕಡೆಯಾಗಿ ಕಾಣುವ ನೆಲವನ್ನು ನನ್ನದೆಂದು ಹೇಗೆ ಕರೆಯಲಿ ಎಂಬುದು ಅವರ ಪ್ರಶ್ನೆಯಾಗಿತ್ತು. ಅವರು ತಮ್ಮ ಬದುಕಿನ ಕೆಲವು ಘಟನೆಗಳನ್ನು ಬರೆದಿಟ್ಟ ಚಿಕ್ಕ ಪುಸ್ತಕದ ಹೆಸರು ‘ವೇಟಿಂಗ್ ಫಾರ್ ಎ ವೀಸಾ’. ವೀಸಾ ಬೇಕಾದದ್ದು ಅಮೆರಿಕಕ್ಕಲ್ಲ, ಇಂಗ್ಲೆಂಡಿಗಲ್ಲ. ಅಲ್ಲಿ ಓದಿದ ವರ್ಷಗಳಲ್ಲಿ ತಾನು ಅಸ್ಪೃಶ್ಯ ಎಂಬುದೇ ಮರೆತುಹೋಗಿತ್ತು ಎಂದು ಅವರೇ ಬರೆಯುತ್ತಾರೆ. ಬರೋಡಾ ಸ್ಟೇಷನ್ನಿನಲ್ಲಿ ಇಳಿದಾಗ ನೆನಪಾಯಿತು. ಹೆಸರು ಮರೆಸಿ ಪಾರ್ಸಿ ಛತ್ರದಲ್ಲಿ ಉಳಿಯಬೇಕಾಯಿತು; ದೊಣ್ಣೆ ಹಿಡಿದು ಬಂದವರು ಅಲ್ಲಿಂದಲೂ ಓಡಿಸಿದರು. ಹೆಮಿಂಗ್ವೇಗೆ ಪರದೇಶ ಒಂದು ಆಯ್ಕೆ. ಬಾಬಾಸಾಹೇಬರಿಗೆ ಸ್ವದೇಶವೇ ಪರದೇಶ. ಈ ಅನುಭವಕ್ಕೆ ಎಕ್ಸ್‌ಪೇಟ್ರಿಯೇಟ್ ಎಂಬ ಪದದಲ್ಲಿ ಜಾಗ ಇಲ್ಲ, ಏಕೆಂದರೆ ಆ ಪದ ಮಾಡಿದವರ ಮನಸ್ಸಿನಲ್ಲಿ ನಾಡಿಲ್ಲದ ಮನುಷ್ಯ ಇರಲೇ ಇಲ್ಲ.

ಈ ಪದಕ್ಕೆ ತಮ್ಮ ಒಬ್ಬನಿದ್ದಾನೆ: ರಿಪೇಟ್ರಿಯೇಟ್. ತಾಯ್ನಾಡಿಗೆ ಮರಳಿಸು ಎಂದು ಅರ್ಥ. ಕೇಳಲು ಕರುಣೆಯ ಪದ. ಹತ್ತೊಂಬತ್ತನೇ ಶತಮಾನದಲ್ಲಿ ತಮಿಳು ಸೀಮೆಯ ದಲಿತ ಮತ್ತು ಹಿಂದುಳಿದ ಜನರನ್ನು ಮೊದಲು ಕಾಫಿಗೆ, ಆಮೇಲೆ ಟೀ ತೋಟಗಳಿಗೆ ಎಂದು ಸಿಲೋನಿಗೆ ಸಾಗಿಸಿದರು. ನಾಲ್ಕಾರು ತಲೆಮಾರು ಅಲ್ಲೇ ಹುಟ್ಟಿ ಅಲ್ಲೇ ಸತ್ತರು. ಸ್ವಾತಂತ್ರ್ಯ ಬಂದ 1948ರಲ್ಲೇ ಸಿಲೋನ್ ಕಾಯಿದೆ ಮಾಡಿ ಇವರು ನಮ್ಮ ಪ್ರಜೆಗಳಲ್ಲ ಎಂದಿತು. 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿ ಮತ್ತು ಸಿರಿಮಾವೋ ಬಂಡಾರನಾಯಿಕೆ ಕೂತು 9,75,000 ಜನರನ್ನು ಲೆಕ್ಕ ಹಾಕಿದರು: 5,25,000 ನಿಮಗೆ, 3,00,000 ನಮಗೆ, ಉಳಿದ 1,50,000 ಆಮೇಲೆ ನೋಡೋಣ. 1974ರಲ್ಲಿ ಆ ಉಳಿಕೆಯನ್ನೂ 75,000ದಂತೆ ಸಮನಾಗಿ ಹಂಚಿಕೊಂಡರು. ಸಂತೆಯಲ್ಲಿ ಕುರಿ ಹಂಚಿಕೊಂಡಂತೆ. ಒಂದು ದಿನವೂ ಭಾರತ ನೋಡದವರು ಭಾರತಕ್ಕೆ ‘ಮರಳಿದರು’. ಹುಟ್ಟಿದ ನೆಲದಿಂದ ಕಿತ್ತು ಹೊರಹಾಕುವುದಕ್ಕೆ ತಾಯ್ನಾಡಿಗೆ ಮರಳಿಸುವುದು ಎಂದು ಹೆಸರಿಟ್ಟರು.

ಅವರಲ್ಲಿ ಒಂದಷ್ಟು ಕುಟುಂಬಗಳನ್ನು ನಮ್ಮ ದಕ್ಷಿಣ ಕನ್ನಡದ ಸುಳ್ಯ, ಪುತ್ತೂರು ಕಡೆಯ ಸರ್ಕಾರಿ ರಬ್ಬರ್ ತೋಟಗಳಿಗೆ ತಂದು ಇಳಿಸಿದರು. ಟೀ ಕೊಯ್ದ ಕೈಗಳಿಗೆ ರಬ್ಬರ್ ಚೂರಿ ಬಂತು. ಲೈನು ಮನೆ ಅಲ್ಲೂ ಇತ್ತು, ಇಲ್ಲೂ ಬಂತು. ಜಾತಿ ಪ್ರಮಾಣಪತ್ರಕ್ಕೆ ಹೋದರೆ ನೀವು ಈ ರಾಜ್ಯದವರಲ್ಲ ಎಂಬ ತಕರಾರು. ಸಂವಿಧಾನದ 341ನೇ ವಿಧಿಯಲ್ಲಿ ಪರಿಶಿಷ್ಟ ಜಾತಿಯ ಪಟ್ಟಿ ಆಯಾ ರಾಜ್ಯಕ್ಕೆ ಸಂಬಂಧಪಟ್ಟದ್ದು. 1990ರಲ್ಲಿ ಸುಪ್ರೀಂ ಕೋರ್ಟು, ಒಂದು ರಾಜ್ಯದ ಪರಿಶಿಷ್ಟನು ಇನ್ನೊಂದು ರಾಜ್ಯಕ್ಕೆ ವಲಸೆ ಹೋದರೆ ಆ ಸ್ಥಾನಮಾನ ಅವನ ಜೊತೆ ಹೋಗುವುದಿಲ್ಲ ಎಂದು ತೀರ್ಪು ಕೊಟ್ಟಿತು. ಕಾನೂನಿನ ತರ್ಕ ಏನೇ ಇರಲಿ, ಬದುಕಿನಲ್ಲಿ ನಡೆಯುವುದು ಇಷ್ಟು: ಗಡಿ ದಾಟಿದಾಗ ಜಾತಿ ದಾಟುತ್ತದೆ, ಸರ್ಟಿಫಿಕೇಟು ದಾಟುವುದಿಲ್ಲ. ಅವಮಾನಕ್ಕೆ ರಹದಾರಿ ಉಂಟು, ಮೀಸಲಾತಿಗೆ ಇಲ್ಲ.

ಜಾತಿ ಎಷ್ಟು ದೂರ ದಾಟುತ್ತದೆ ಎಂಬುದಕ್ಕೆ ಅಮೆರಿಕವೇ ಸಾಕ್ಷಿ. 2023ರಲ್ಲಿ ಸಿಯಾಟಲ್ ನಗರಸಭೆ ಜಾತಿ ಆಧಾರಿತ ಭೇದವನ್ನು ನಿಷೇಧಿಸಿ ಕಾನೂನು ಮಾಡಿತು. ಅದೇ ವರ್ಷ ಕ್ಯಾಲಿಫೋರ್ನಿಯಾದ ಶಾಸನಸಭೆ ಒಪ್ಪಿದ ಇಂಥದೇ ಮಸೂದೆಗೆ ಅಲ್ಲಿನ ಗವರ್ನರು ಸಹಿ ಹಾಕಲಿಲ್ಲ. ಇದನ್ನು ವಿರೋಧಿಸಿ ಓಡಾಡಿದವರಲ್ಲಿ ನಮ್ಮ ‘ಅನಿವಾಸಿ’ ಬಂಧುಗಳ ಸಂಘಗಳೂ ಇದ್ದವು. ದೇಶ ಬಿಟ್ಟವರು, ಭಾಷೆ ಬಿಟ್ಟವರು, ಪ್ರಜೆತನವನ್ನೂ ಬಿಟ್ಟವರು, ಜಾತಿಯನ್ನು ಮಾತ್ರ ಬಿಡಲಿಲ್ಲ. ಇವರನ್ನು ನಾಡು ಬಿಟ್ಟವರು ಎನ್ನುವುದು ಹೇಗೆ? ತಂದೆಯ ನಾಡನ್ನು ಪೆಟ್ಟಿಗೆಯಲ್ಲಿ ತುಂಬಿಕೊಂಡೇ ಹೋಗಿದ್ದಾರೆ.

ನಮ್ಮ ಸರ್ಕಾರವೂ ಹೊರಹೋಗುವವರನ್ನು ಬಾಗಿಲಲ್ಲೇ ಎರಡು ಸಾಲು ಮಾಡಿ ನಿಲ್ಲಿಸಿತು. 1983ರ ವಲಸೆ ಕಾಯಿದೆ ಬಂದ ಮೇಲೆ ಹತ್ತನೇ ಕ್ಲಾಸು ದಾಟದವರ ಪಾಸ್‌ಪೋರ್ಟಿಗೆ ‘ವಲಸೆ ತಪಾಸಣೆ ಅಗತ್ಯ’ ಎಂಬ ಗುರುತು ಬಿತ್ತು. ಏಜೆಂಟರ ಮೋಸದಿಂದ ಕಾಪಾಡಲು ಎಂದು ಕಾರಣ ಹೇಳಿದರು, ಕಾರಣದಲ್ಲಿ ಹುರುಳೂ ಇತ್ತು. ಆದರೆ 2018ರ ಜನವರಿಯಲ್ಲಿ ಅಂಥವರಿಗೆ ಕಿತ್ತಳೆ ಬಣ್ಣದ ಬೇರೆ ಪಾಸ್‌ಪೋರ್ಟ್ ಕೊಡುತ್ತೇವೆ ಎಂದು ಹೊರಟಾಗ ಒಳಗಿದ್ದದ್ದು ಹೊರಗೆ ಬಂತು. ಹಣೆಯ ಮೇಲೆ ಬರೆಯುವುದು ಸಾಲದೆ ಪುಸ್ತಕಕ್ಕೂ ಬಣ್ಣ! ಪ್ರತಿಭಟನೆ ಎದ್ದು ಆ ತಿಂಗಳೊಳಗೇ ಅದನ್ನು ಕೈಬಿಟ್ಟರು.

2020ರ ಲಾಕ್‌ಡೌನಿನಲ್ಲಿ ಈ ಪದಗಳ ನಿಜವಾದ ಬೆಲೆ ಗೊತ್ತಾಯಿತು. ಮೇ 7ರಂದು ವಂದೇ ಭಾರತ್ ಎಂಬ ಹೆಸರಿನಲ್ಲಿ ಪರದೇಶಗಳಲ್ಲಿದ್ದವರನ್ನು ವಿಮಾನದಲ್ಲಿ ಕರೆತರುವ ಕೆಲಸ ಶುರುವಾಯಿತು. ಅದನ್ನು ‘ರಿಪೇಟ್ರಿಯೇಷನ್’ ಎಂದು ಬರೆದರು. ಅದರಲ್ಲಿ ಕೆಲಸ ಕಳೆದುಕೊಂಡ ಗಲ್ಫಿನ ಬಡವರೂ ಇದ್ದರು, ಅವರು ಬಂದದ್ದು ಸರಿಯೇ. ಅದೇ ವಾರ ಕರ್ನಾಟಕ ಸರ್ಕಾರ ಬಿಲ್ಡರುಗಳ ಜೊತೆ ಸಭೆ ನಡೆಸಿ, ಬಿಹಾರ ಉತ್ತರಪ್ರದೇಶದ ಕಾರ್ಮಿಕರನ್ನು ಊರಿಗೆ ಕಳಿಸುವ ರೈಲುಗಳು ಬೇಡವೆಂದು ರೈಲ್ವೆಗೆ ಬರೆಯಿತು. ಕಟ್ಟಡಗಳು ನಿಂತುಹೋಗುತ್ತವಲ್ಲ! ಎಲ್ಲ ಕಡೆಯಿಂದ ಛೀಮಾರಿ ಬಿದ್ದ ಮೇಲೆ ತೀರ್ಮಾನ ಬದಲಾಯಿತು. ಮೇ 8ರ ನಸುಕಿನಲ್ಲಿ ಔರಂಗಾಬಾದಿನ ಬಳಿ ಹಳಿಗಳ ಮೇಲೆ ಮಲಗಿದ್ದ 16 ಮಂದಿ ಕಾರ್ಮಿಕರ ಮೇಲೆ ಗೂಡ್ಸ್ ರೈಲು ಹರಿಯಿತು. ಅವರೂ ತಮ್ಮ ನಾಡಿಗೆ ಮರಳುತ್ತಿದ್ದರು. ಅವರ ನಡಿಗೆಗೆ ರಿಪೇಟ್ರಿಯೇಷನ್ ಎಂದು ಯಾರೂ ಅನ್ನಲಿಲ್ಲ.

ಇಂಗ್ಲಿಷಿನವರನ್ನು ಬೈದು ಮುಗಿಸಿದರೆ ನಮ್ಮ ಕೆಲಸ ಅರ್ಧವೇ. ನಮ್ಮ ನುಡಿಯಲ್ಲೂ ಈ ತಕ್ಕಡಿ ಇದೆ. ಅಮೆರಿಕಕ್ಕೆ ಹೋದವನು ‘ಅನಿವಾಸಿ ಕನ್ನಡಿಗ’, ಅವನಿಗೆ ಸಮ್ಮೇಳನ, ಹಾರ, ಶಾಲು. ಲಿಂಗಸುಗೂರಿನಿಂದಲೋ ಯಾದಗಿರಿಯಿಂದಲೋ ಗೋವಾಕ್ಕೆ ದುಡಿಯಾಕ ಹೋದವನು ‘ಗುಳೆ ಹೋದವ’. ಅಲ್ಲಿ ಅವನಿಗೆ ‘ಘಾಟಿ’ ಎಂಬ ಹೀಯಾಳಿಕೆ. ಸಂಸ್ಕೃತದ ಪರದೇಶಿ ಎಂದರೆ ಬೇರೆ ದೇಶದವನು. ನಮ್ಮ ಹಳ್ಳಿಗಳ ಆಡುಮಾತಿನಲ್ಲಿ ಪರದೇಶಿ ಎಂದರೆ ಗತಿಗೋತ್ರ ಇಲ್ಲದವನು. ‘ಅಯ್ಯೋ ಪರದೇಶಿ’ ಅಂತ ಮುದುಕಿಯರು ಮರುಗುತ್ತಾರಲ್ಲ, ಅದರಲ್ಲಿ ದೊಡ್ಡ ಸತ್ಯ ಇದೆ: ದಿಕ್ಕಿಲ್ಲದವನು ಎಲ್ಲಿದ್ದರೂ ಪರದೇಶವೇ.

2020ರ ಜನವರಿಯಲ್ಲಿ ಬೆಂಗಳೂರಿನ ಕರಿಯಮ್ಮನ ಅಗ್ರಹಾರದ ಬಳಿ ಗುಡಿಸಲುಗಳನ್ನು ಕೆಡವಿದರು. ಅಲ್ಲಿರುವವರು ಬಾಂಗ್ಲಾದೇಶಿಯರು ಎಂದು ಸುದ್ದಿ ಹಬ್ಬಿಸಿದ್ದರು. ಕೆಡವಿದ ಮೇಲೆ ನೋಡಿದರೆ ಅಸ್ಸಾಮು ತ್ರಿಪುರಾದವರ ಜೊತೆಗೆ ನಮ್ಮ ಉತ್ತರ ಕರ್ನಾಟಕದವರೂ ಆಧಾರ್ ಕಾರ್ಡು, ವೋಟಿನ ಚೀಟಿ ಹಿಡಿದು ಬಯಲಲ್ಲಿ ನಿಂತಿದ್ದರು. ಕನ್ನಡ ಮಾತಾಡುವವನನ್ನು ಕನ್ನಡನಾಡಿನಲ್ಲೇ, ಒಂದೇ ಒಂದು ಪದದಿಂದ, ದೇಶದಾಚೆ ಎಸೆದರು. ಎಕ್ಸ್‌ಪೇಟ್ರಿಯೇಟ್ ಎಂಬ ಕ್ರಿಯಾಪದದ ಮೊಟ್ಟಮೊದಲ ಅರ್ಥ, ಹೊರಹಾಕು ಎಂಬುದು, ಸತ್ತಿಲ್ಲ. ಅದು ಬಡವರಿಗಾಗಿ ಜೋಪಾನವಾಗಿ ಉಳಿದುಕೊಂಡಿದೆ.

ಹಾಗಾದರೆ ಏನು ಮಾಡೋಣ? ಎಕ್ಸ್‌ಪೇಟ್ರಿಯೇಟ್ ಪದಕ್ಕೆ ‘ದೇಶಭ್ರಷ್ಟ’, ‘ಸ್ವದೇಶತ್ಯಾಗಿ’ ಎಂದೆಲ್ಲ ಸಂಸ್ಕೃತದ ಪಟ್ಟೆವಸ್ತ್ರ ತೊಡಿಸುವುದು ನಮಗೆ ಬೇಕಿಲ್ಲ. ದುಡಿಯಲು ಬಂದವರು ಎಂಬ ಸಾದಾ ಮಾತು ಇದೆ. ಲಂಡನ್ನಿನ ಮ್ಯಾನೇಜರೂ ದುಡಿಯಲು ಬಂದವನು, ಬಿಹಾರದ ಗಾರೆಯವನೂ ದುಡಿಯಲು ಬಂದವನು, ದೇವದುರ್ಗದ ಹೆಣ್ಣುಮಗಳೂ ದುಡಿಯಲು ಬಂದವಳು. ಪತ್ರಿಕೆಗೆ ವರದಿ ಬರೆಯುವ ಗೆಳೆಯರು ಮೂವರಿಗೂ ಒಂದೇ ಪದ ಬಳಸಿ ನೋಡಲಿ. ಯಾರಿಗೆ ಸಿಟ್ಟು ಬರುತ್ತದೆ ಎಂಬುದರಿಂದಲೇ ವ್ಯವಸ್ಥೆಯ ಗುಟ್ಟು ತಿಳಿಯುತ್ತದೆ. ಹಳ್ಳಿಯ ಮೇಷ್ಟರು, ಅಪ್ಪ ಅಮ್ಮನ ಜೊತೆ ಕಬ್ಬು ಕಡಿಯಲು ಹೋದ ಮಗುವಿನ ಹೆಸರಿನ ಮುಂದೆ ‘ಗೈರುಹಾಜರು’ ಎಂದು ಬರೆಯುವ ಮುನ್ನ ಒಂದು ಗಳಿಗೆ ಯೋಚಿಸಲಿ. ಆ ಮಗು ಎಲ್ಲೋ ಹಾಜರಿದೆ. ಅದು ಹೋದ ಊರಿನ ಶಾಲೆ ಅದನ್ನು ಕರೆದು ಕೂರಿಸಿಕೊಳ್ಳುವಂತೆ ಮಾಡುವುದು ಪದ ತಿದ್ದುವುದಕ್ಕಿಂತ ದೊಡ್ಡ ಕೆಲಸ.

ಏಕೆಂದರೆ ಪದ ತಿದ್ದಿದ ಮಾತ್ರಕ್ಕೆ ಹೊಟ್ಟೆ ತುಂಬುವುದಿಲ್ಲ ಎಂಬುದು ಗಲ್ಫಿನ ಉದಾಹರಣೆಯಲ್ಲೇ ಸಾಬೀತಾಗಿದೆ. ಹೋದ ಕಡೆ ರೇಷನ್ನು ಬೇಕು, ಕೂಲಿ ಬೇಕು, ಪ್ರಮಾಣಪತ್ರ ಬೇಕು, ವೋಟು ಬೇಕು. ಬಿಟ್ಟು ಬಂದ ಕಡೆ ಎರಡೆಕರೆ ನೆಲ ಬೇಕು, ಊರ ಬಾವಿಯ ನೀರು ಬೇಕು. ಇವು ಸಿಕ್ಕ ದಿನ ನಮಗೂ ಬಿಟ್ಟು ಹೋಗಬಹುದಾದ, ಬೇಕೆಂದಾಗ ವಾಪಸ್ಸು ಬರಬಹುದಾದ ನಾಡೊಂದು ಇರುತ್ತದೆ. ಅಲ್ಲಿಯವರೆಗೆ ಎಕ್ಸ್‌ಪೇಟ್ರಿಯೇಟ್ ಎಂಬುದು ನಾಡುಳ್ಳವರ ಪದ. ಅದನ್ನು ಅವರೇ ಇಟ್ಟುಕೊಳ್ಳಲಿ, ನಾವು ಪಹಣಿ ಕೇಳೋಣ.